ಸಮತಲವನ್ನು ಸಾಧಿಸಿದ ಜೋಸೆಫ್ ವಿಟ್ವರ್ಥ್



ನಮ್ಮ ಸೊಲ್ಲಾಪುರ ಸೀಮೆಯ ಯಾವ ಊರಿಗೆ ಹೋದರೂ ಇಂದು ಟ್ರ್ಯಾಕ್ಟರು ಇಲ್ಲದ ಓಣಿ ಕಾಣುವುದಿಲ್ಲ. ಹೊಸವು ಬಂದಂತೆ ಹಳೆಯವೂ ಉಳಿದುಕೊಂಡಿವೆ. ಮೂವತ್ತು ನಲವತ್ತು ವರ್ಷ ದುಡಿದ ಎಂಜಿನ್ನನ್ನು ಪೂರ್ತಿ ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಬದಲಿಸಿ, ಮತ್ತೆ ಜೋಡಿಸಿ ಹೊಲಕ್ಕೆ ಕಳಿಸುವ ಮಿಸ್ತ್ರಿಗಳು ಪ್ರತಿಯೊಂದು ಪೇಟೆಯಲ್ಲಿಯೂ ಇದ್ದಾರೆ. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಹಿಂಗಾರಿ ಜೋಳದ ಬಿತ್ತನೆಯ ಹದ ತಪ್ಪುವುದೂ ತಪ್ಪದಿರುವುದೂ ಅಂಥ ಒಬ್ಬ ಮಿಸ್ತ್ರಿಯ ಕೈಯಲ್ಲಿರುತ್ತದೆ. ಕನ್ನಡ ಕಲಿಸುವವರಿಗೆ ಎಂಜಿನ್ನಿನ ಗೊಡವೆ ಏತಕ್ಕೆಂದು ನಮ್ಮ ಶಾಲೆಯ ವಿಜ್ಞಾನ ಶಿಕ್ಷಕರು ನಗಬಹುದು, ನಗಲಿ. ನಾವು ಇಲ್ಲಿ ಹೇಳಹೊರಟಿರುವುದು ಒಬ್ಬ ಮನುಷ್ಯನ ಕಥೆಯನ್ನು. ಆ ಕಥೆಯ ಬಾಗಿಲು ಮಾತ್ರ ಗ್ಯಾರೇಜಿನಲ್ಲಿದೆ.

ಎಂಜಿನ್ನಿನ ಕೆಳಗಿನ ದೊಡ್ಡ ಎರಕದ ಭಾಗಕ್ಕೆ ಬ್ಲಾಕ್ ಎಂದೂ, ಅದರ ಮೇಲೆ ಮುಚ್ಚಳದಂತೆ ಕೂರುವ ಭಾಗಕ್ಕೆ ಸಿಲಿಂಡರ್ ಹೆಡ್ ಎಂದೂ ಹೆಸರು. ಇವೆರಡರ ನಡುವೆ ಗ್ಯಾಸ್ಕೆಟ್ ಎಂಬ ತೆಳುವಾದ ಹಾಳೆ ಇರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಅದರ ಮೊದಲಿನ ಗಾತ್ರದ ಹದಿನಾರು ಹದಿನೇಳನೆಯ ಒಂದು ಪಾಲಿಗೆ ಒತ್ತಲಾಗುತ್ತದೆ. ಆ ಒತ್ತಡದ ಶಾಖಕ್ಕೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಅಷ್ಟು ಒತ್ತಡವನ್ನು ತಡೆದು ನಿಲ್ಲಿಸಬೇಕಾದದ್ದು ಆ ಮುಚ್ಚಳ. ರೇಡಿಯೇಟರಿನಲ್ಲಿ ನೀರು ಬತ್ತಿ ಎಂಜಿನ್ನು ಅತಿಯಾಗಿ ಕಾದರೆ ಹೆಡ್ ಸೊಟ್ಟಗಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಗ್ಯಾಸ್ಕೆಟ್ ಸುಡುತ್ತದೆ, ರೇಡಿಯೇಟರಿನಲ್ಲಿ ಗುಳ್ಳೆಗಳೇಳುತ್ತವೆ, ನೀರು ಎಣ್ಣೆಗೆ ಸೇರಿ ಎಣ್ಣೆಯು ಹಾಲು ಬೆರೆಸಿದ ಚಹದಂತಾಗುತ್ತದೆ.

ಅನುಭವಿ ಮಿಸ್ತ್ರಿ ಆಗ ಹೆಡ್ಡನ್ನು ಬಿಚ್ಚಿ, ಮಸಿಯನ್ನೆಲ್ಲ ತೆಗೆದು, ಅದರ ಮುಖದ ಮೇಲೆ ಉಕ್ಕಿನ ನೇರ ಪಟ್ಟಿಯೊಂದನ್ನು ನಿಲ್ಲಿಸುತ್ತಾನೆ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಪಟ್ಟಿಯ ಕೆಳಗೆ ಫೀಲರ್ ಗೇಜಿನ ಎಲೆಗಳನ್ನು ತೂರಿಸಿ ನೋಡುತ್ತಾನೆ. ಎಷ್ಟು ಸೊಟ್ಟ ಸಹಿಸಬಹುದೆಂದು ಪ್ರತಿಯೊಂದು ಎಂಜಿನ್ನಿಗೂ ಅದರ ತಯಾರಕರು ಲೆಕ್ಕ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಅದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಅದಕ್ಕೆ ಮೀರಿದರೆ ಹೆಡ್ಡನ್ನು ಮಷೀನ್ ಶಾಪಿಗೆ ಒಯ್ದು ಮುಖ ಹೊಡೆಸಬೇಕು. ಅಲ್ಲಿಯೂ ಎಚ್ಚರ ಬೇಕು. ಹೆಚ್ಚು ತೆಗೆದರೆ ಹೆಡ್ ತೆಳ್ಳಗಾಗುತ್ತದೆ, ವಾಲ್ವುಗಳು ಪಿಸ್ಟನ್ನಿಗೆ ಸಮೀಪವಾಗುತ್ತವೆ. ಸಮವಾಗುವಷ್ಟು ಮಾತ್ರ ತೆಗೆಯುವುದೇ ಜಾಣತನ.

ಇದೆಲ್ಲವೂ ಸರಿ. ಆದರೆ ಮಿಸ್ತ್ರಿಯ ಕೈಯಲ್ಲಿರುವ ಆ ಪಟ್ಟಿ ನೇರವಾಗಿದೆಯೆಂದು ಹೇಳುವವರು ಯಾರು? ಅದನ್ನು ಇನ್ನೊಂದು ಸಮತಲದ ಮೇಲಿಟ್ಟು ಪರೀಕ್ಷಿಸಿರುತ್ತಾರೆ. ಆ ಸಮತಲವನ್ನು? ಅದಕ್ಕಿಂತ ನಿಖರವಾದ ಮತ್ತೊಂದರ ಮೇಲೆ. ಹೀಗೆ ಹಿಂದೆ ಹಿಂದೆ ಹೋದರೆ ಎಲ್ಲಿಯೋ ಒಂದು ಕಡೆ, ಯಾವುದರಿಂದಲೂ ನಕಲು ಮಾಡದ, ತಾನೇ ತಾನಾಗಿ ಹುಟ್ಟಿದ ಮೊದಲ ಸಮತಲ ಇರಲೇಬೇಕಲ್ಲವೆ? ಆ ಮೊದಲ ಸಮತಲವನ್ನು ಪಡೆಯುವ ದಾರಿಯನ್ನು ಜಗತ್ತಿನ ಕಾರ್ಖಾನೆಗಳಿಗೆಲ್ಲ ಬಿಡಿಸಿ ಹೇಳಿದವನು ಜೋಸೆಫ್ ವಿಟ್ವರ್ಥ್.

ಆತನು 1803ನೆಯ ಇಸವಿಯ ಡಿಸೆಂಬರ್ 21ರಂದು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಚಾರ್ಲ್ಸ್ ಶಾಲಾ ಮಾಸ್ತರರಾಗಿದ್ದವರು, ಮುಂದೆ ಕ್ರೈಸ್ತ ಧರ್ಮೋಪದೇಶಕರಾದರು. ತಾಯಿ ಸಾರಾ ಮಗ ಚಿಕ್ಕವನಿರುವಾಗಲೇ ತೀರಿಕೊಂಡಳು. ಹುಡುಗ ಕೆಲಕಾಲ ಲೀಡ್ಸ್ ನಗರದ ಬಳಿಯ ವಸತಿಶಾಲೆಯೊಂದರಲ್ಲಿ ಓದಿದನು. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಮುಗಿಯಿತು. ಡಾರ್ಬಿಶೈರಿನಲ್ಲಿ ಹತ್ತಿಯ ಗಿರಣಿಯಿದ್ದ ಸೋದರಮಾವನ ಬಳಿಗೆ ಅವನನ್ನು ಕಳಿಸಲಾಯಿತು. ಕೆಲಸ ಕಲಿತು ಮುಂದೆ ಗಿರಣಿಯಲ್ಲಿ ಪಾಲುದಾರನಾಗಲಿ ಎಂಬುದು ಹಿರಿಯರ ಎಣಿಕೆ.

ಸೊಲ್ಲಾಪುರದ ಹಿರಿಯರಿಗೆ ಗಿರಣಿಯ ಬದುಕು ಎಂಥದೆಂದು ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಗಿರಣಿಯ ಭೋಂಗಾ ಕೇಳಿಯೇ ಇಲ್ಲಿ ಮನೆಮನೆಯ ಒಲೆ ಹೊತ್ತುತ್ತಿತ್ತು. ಜೋಸೆಫನಿಗೆ ಗಿರಣಿಯ ನೂಲಿನಲ್ಲಾಗಲಿ ಲಾಭದಲ್ಲಾಗಲಿ ಮನಸ್ಸು ನಿಲ್ಲಲಿಲ್ಲ, ಯಂತ್ರಗಳಲ್ಲಿ ನಿಂತಿತು. ನಾಲ್ಕು ವರ್ಷಗಳಲ್ಲಿ ಅಲ್ಲಿಯ ಒಂದೊಂದು ಯಂತ್ರವನ್ನೂ ಅರಿತುಕೊಂಡನು. ಅವುಗಳ ಒರಟು ಕೆಲಸ ಕಂಡು ಬೇಸರಪಟ್ಟನು. ಆಮೇಲೆ ಮಾವನ ಗಿರಣಿಯನ್ನೂ ಸಿಗಬೇಕಿದ್ದ ಪಾಲನ್ನೂ ಬಿಟ್ಟು ಮ್ಯಾಂಚೆಸ್ಟರಿಗೆ ಹೋಗಿ ಯಂತ್ರ ಕಟ್ಟುವವರ ಬಳಿ ಸಾಮಾನ್ಯ ಕೂಲಿಗೆ ನಿಂತನು. ಬುದ್ಧಿವಂತರಾದ ಬಂಧುಗಳು ಇದನ್ನು ಹುಚ್ಚುತನವೆಂದೇ ಎಣಿಸಿರಬೇಕು.

1825ರಲ್ಲಿ ಆತನು ಫ್ಯಾನಿ ಎಂಬುವಳನ್ನು ಮದುವೆಯಾಗಿ ಲಂಡನ್ನಿಗೆ ನಡೆದನು. ಆ ಕಾಲದಲ್ಲಿ ಲಂಡನ್ನಿನ ಹೆನ್ರಿ ಮಾಡ್ಸ್ಲೆಯ ಕಾರ್ಖಾನೆ ಎಂದರೆ ಯಂತ್ರ ಕಲಿಯುವವರಿಗೆ ಗುರುಕುಲವಿದ್ದಂತೆ. ಒಳ್ಳೆಯ ಲೇಥುಗಳು, ನಿಖರವಾದ ತಿರುಪುಗಳು ಅಲ್ಲಿ ಹುಟ್ಟುತ್ತಿದ್ದವು. ಪ್ರತಿ ಕೆಲಸಗಾರನ ಮೇಜಿನ ಮೇಲೂ ತನ್ನ ಕೆಲಸವನ್ನು ಒರೆಗೆ ಹಚ್ಚಲು ಒಂದು ಸಮತಲ ಫಲಕವಿರಬೇಕೆಂಬುದು ಮಾಡ್ಸ್ಲೆಯ ಕಟ್ಟಳೆಯಾಗಿತ್ತು. ವಿಟ್ವರ್ಥನ ತಲೆಗೆ ಆ ಫಲಕವೇ ಹೊಕ್ಕಿತು. ಹಗಲು ಧಣಿಯ ಕೆಲಸ, ಬಿಡುವಿನಲ್ಲಿ ಫಲಕದ ಚಿಂತೆ. ಪಕ್ಕದ ಮೇಜಿನಲ್ಲಿ ಹ್ಯಾಂಪ್ಸನ್ ಎಂಬ ನುರಿತ ಕೆಲಸಗಾರನಿದ್ದನು. ಪೂರ್ತಿ ನಿಜವಾದ ಸಮತಲ ಮಾಡುವೆನೆಂಬ ಈ ತರುಣನ ಮಾತನ್ನು ಆತ ಮೊದಲು ನಂಬಲಿಲ್ಲ. ಮುಗಿದ ಫಲಕಗಳನ್ನು ಒಂದರ ಮೇಲೊಂದಿಟ್ಟು ನೋಡಿದ ಮೇಲೆ ಒಪ್ಪಿಕೊಂಡನು.

ಅಷ್ಟರಲ್ಲಿ ಏನಿದೆ ದೊಡ್ಡದು ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿರಿ.

ಅಂದು ಎರಡು ಬೀಡು ಕಬ್ಬಿಣದ ಫಲಕಗಳ ನಡುವೆ ಕುರುಂದದ ಪುಡಿ ಹಾಕಿ ಒಂದಕ್ಕೊಂದು ತಿಕ್ಕುವುದು ರೂಢಿಯಲ್ಲಿತ್ತು. ತಿಕ್ಕುತ್ತ ಹೋದಂತೆ ಎರಡೂ ಒಂದಕ್ಕೊಂದು ಚೆನ್ನಾಗಿ ಕೂಡುತ್ತವೆ, ಹೊಳೆಯುತ್ತವೆ. ಆದರೆ ಕೂಡಿದ ಮಾತ್ರಕ್ಕೆ ಅವು ಸಮವೆಂದಾಗುವುದಿಲ್ಲ. ನಮ್ಮ ಅಡಿಗೆಮನೆಯ ಒಳ್ಳಿಗೂ ರುಬ್ಬುಗುಂಡಿಗೂ ಎಂಥ ಹೊಂದಾಣಿಕೆ! ಅವನ್ನು ಸಮತಲವೆಂದು ಯಾರಾದರೂ ಅಂದಾರೆಯೆ? ಒಂದು ತಗ್ಗು, ಇನ್ನೊಂದು ಉಬ್ಬು. ಎರಡರ ತಪ್ಪೂ ಒಂದನ್ನೊಂದು ಮುಚ್ಚಿಕೊಂಡಿವೆ. ಸಾಲದ್ದಕ್ಕೆ ಪುಡಿಯು ನಮಗೆ ಬೇಕಾದಲ್ಲಿ ನಿಲ್ಲದೆ ಅಂಚುಗಳಲ್ಲಿ ಸೇರಿ ಅಲ್ಲಿಯೇ ಹೆಚ್ಚು ತಿನ್ನುತ್ತದೆ.

ಆದುದರಿಂದ ಮೂರನೆಯ ಫಲಕ ಬೇಕು. ಅವುಗಳಿಗೆ ಅ, ಆ, ಇ ಎಂದು ಹೆಸರಿಡೋಣ. ಮೊದಲು ಅ ಫಲಕಕ್ಕೆ ಹೊಂದುವಂತೆ ಆ ಫಲಕವನ್ನೂ, ಮತ್ತೆ ಅದೇ ಅ ಫಲಕಕ್ಕೆ ಹೊಂದುವಂತೆ ಇ ಫಲಕವನ್ನೂ ತಿದ್ದಬೇಕು. ಅ ಎಂಬುದು ಉಬ್ಬಾಗಿದ್ದರೆ ಉಳಿದೆರಡೂ ತಗ್ಗಾಗಿರುತ್ತವೆ. ಈಗ ಆ ಮತ್ತು ಇ ಫಲಕಗಳನ್ನು ಎದುರುಬದುರು ಇಡಿರಿ. ಎರಡು ತಗ್ಗುಗಳು ಹೇಗೆ ಕೂಡಬೇಕು? ಅಂಚು ಮಾತ್ರ ತಾಗಿ ನಡುವೆ ಸಂದು ಉಳಿಯುತ್ತದೆ. ಅಡಗಿದ್ದ ತಪ್ಪು ಇಮ್ಮಡಿಯಾಗಿ ಹೊರಬೀಳುತ್ತದೆ. ಅವೆರಡನ್ನೂ ಸಮಸಮವಾಗಿ ತಿದ್ದಿ, ಅವುಗಳಿಂದ ಅ ಫಲಕವನ್ನು ತಿದ್ದಿ, ಮತ್ತೆ ಮೊದಲಿನಿಂದ ನೋಡಬೇಕು. ತಿರುಚಿನ ದೋಷ ಉಳಿಯದಂತೆ ಫಲಕಗಳನ್ನು ತಿರುಗಿಸಿ ತಿರುಗಿಸಿ ಹೋಲಿಸಬೇಕು. ಯಾವ ಎರಡನ್ನು ಹೇಗೆ ಇಟ್ಟರೂ ಮೈತುಂಬ ಕೂಡಿದವೆಂದರೆ ಆಗ ಮೂರೂ ಸಮತಲಗಳೇ; ಬೇರೆ ದಾರಿಯಿಲ್ಲ. ಯಾವ ಅಳತೆಗೋಲನ್ನೂ ಎರವಲು ತರದೆ, ಮೂರು ಸೊಟ್ಟ ಫಲಕಗಳಿಂದಲೇ ನೇರವು ಹುಟ್ಟುತ್ತದೆ!

ತಿದ್ದುವ ಬಗೆಯೂ ಸೊಗಸಾದುದು. ಒಂದು ಫಲಕಕ್ಕೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣನ್ನು ತೆಳ್ಳಗೆ ಸವರಿ ಇನ್ನೊಂದರ ಮೇಲೆ ಆಡಿಸಿದರೆ ಎಲ್ಲಿ ಉಬ್ಬಿದೆಯೋ ಅಲ್ಲಿ ಕೆಂಪು ಅಂಟುತ್ತದೆ. ಅಷ್ಟೇ ಜಾಗವನ್ನು ಹೆರೆಯುವ ಉಳಿಯಿಂದ ಕೂದಲೆಳೆಯಷ್ಟು ಹೆರೆಯಬೇಕು. ಮತ್ತೆ ಸವರಿ, ಮತ್ತೆ ಹೆರೆದು, ಕೆಂಪು ಚುಕ್ಕೆಗಳು ಎಲ್ಲ ಕಡೆ ಒಂದೇ ಸಮನೆ ಒತ್ತಾಗಿ ಹರಡುವವರೆಗೆ ಇದೇ ಕೆಲಸ. ಹೀಗೆ ಮುಗಿದ ಎರಡು ಫಲಕಗಳಲ್ಲಿ ಒಂದನ್ನು ಇನ್ನೊಂದರ ಮೇಲೆ ಮೆಲ್ಲಗೆ ಬಿಟ್ಟರೆ, ಮೇಲಿನದು ತೆಳುವಾದ ಗಾಳಿಯ ಪದರಿನ ಮೇಲೆ ತೇಲುತ್ತದೆ. ಬೆರಳು ತಾಗಿಸಿದರೆ ಜಾರುತ್ತದೆ. ಗಾಳಿ ಉಳಿಯದಂತೆ ಅಂಚಿನಿಂದ ಜಾರಿಸಿ ಕೂಡಿಸಿದರೆ ಎರಡೂ ಅಂಟಿಕೊಂಡು, ಮೇಲಿನದನ್ನು ಎತ್ತಿದರೆ ಕೆಳಗಿನದೂ ಬರುತ್ತದೆ. ಇಂದಿಗೂ ಸರ್ಫೇಸ್ ಪ್ಲೇಟ್ ಹೆರೆಯುವವರು ಇದೇ ಕ್ರಮದಲ್ಲಿ ಹೋಗುತ್ತಾರೆ. ಕೆಮ್ಮಣ್ಣಿನ ಬದಲು ನೀಲಿ ಬಣ್ಣ ಬಂದಿದೆ, ಅಷ್ಟೆ.

ಮೂರು ಫಲಕಗಳ ಯುಕ್ತಿ ಮಾಡ್ಸ್ಲೆಯ ಕಾರ್ಖಾನೆಯಲ್ಲಿ ಮೊದಲೇ ಇತ್ತೆಂದು ಹೇಳುವವರೂ ಇದ್ದಾರೆ. ಗುರುವಿನ ಮನೆಯಲ್ಲಿ ಬೀಜವಿದ್ದಿರಬಹುದು. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕುರುಂದದ ಪುಡಿಯಿಂದ ಕೊನೆಯ ತಿದ್ದುಪಡಿ ಮಾಡುವುದು ತಪ್ಪು, ಹೆರೆಯುವುದೇ ಸರಿ ಎಂದು ಕಾರಣಸಹಿತ ತೋರಿಸಿ, 1840ರಲ್ಲಿ ಗ್ಲಾಸ್ಗೋದಲ್ಲಿ ಬ್ರಿಟಿಷ್ ಅಸೋಸಿಯೇಶನ್ನಿನ ವಿದ್ವಾಂಸರೆದುರು ಪ್ರಬಂಧ ಓದಿದವನು ವಿಟ್ವರ್ಥ್. ಕುಶಲ ಕೆಲಸಗಾರರು ಗುಟ್ಟನ್ನು ಗಂಟಿನಲ್ಲಿ ಕಟ್ಟಿಕೊಂಡಿರುತ್ತಿದ್ದ ಕಾಲದಲ್ಲಿ ಆತ ಗಂಟು ಬಿಚ್ಚಿದ್ದೇ ನಮ್ಮ ಮಟ್ಟಿಗೆ ದೊಡ್ಡ ಕೆಲಸ.

ಲಂಡನ್ನಿನಲ್ಲಿ ಆತ ಹೋಲ್ಟ್ಸಪ್ಫೆಲ್ ಎಂಬವರ ಬಳಿಯೂ, ಜೋಸೆಫ್ ಕ್ಲೆಮೆಂಟನ ಬಳಿಯೂ ದುಡಿದನು. ಗಣಿತಜ್ಞ ಚಾರ್ಲ್ಸ್ ಬ್ಯಾಬೇಜನು ಯೋಚಿಸಿದ್ದ ಲೆಕ್ಕಮಾಡುವ ಯಂತ್ರದ ಭಾಗಗಳು ಕ್ಲೆಮೆಂಟನಲ್ಲಿಯೇ ತಯಾರಾಗುತ್ತಿದ್ದವು. ಇಂದಿನ ಕಂಪ್ಯೂಟರಿನ ವಂಶಾವಳಿ ಹೇಳುವವರು ಆ ಯಂತ್ರವನ್ನು ಮರೆಯುವುದಿಲ್ಲ. 1833ರಲ್ಲಿ ವಿಟ್ವರ್ಥನು ಮ್ಯಾಂಚೆಸ್ಟರಿಗೆ ಹಿಂದಿರುಗಿ, ಉಗಿಯಂತ್ರದ ಶಕ್ತಿ ದೊರೆಯುವ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ಲಂಡನ್ನಿನಿಂದ ಬಂದ ಉಪಕರಣ ತಯಾರಕನೆಂದು ಹಲಗೆ ತೂಗುಹಾಕಿದನು. ಲೇಥು, ಪ್ಲೇನಿಂಗ್, ಡ್ರಿಲ್ಲಿಂಗ್ ಯಂತ್ರಗಳು ಅಲ್ಲಿಂದ ಹೊರಬಿದ್ದವು. ನಡುವೆ ಮ್ಯಾಂಚೆಸ್ಟರಿನ ಕೊಳಕು ಬೀದಿಗಳನ್ನು ಗುಡಿಸಲು ಕುದುರೆ ಎಳೆಯುವ ಒಂದು ಯಂತ್ರವನ್ನೂ ಮಾಡಿದನು. ಊರಿನ ಜನಕ್ಕೆ ಅದೇ ಹೆಚ್ಚು ಮೆಚ್ಚುಗೆಯಾಗಿದ್ದರೆ ಆಶ್ಚರ್ಯವಿಲ್ಲ.

ಆತನ ಹೆಸರನ್ನು ನಮ್ಮ ಮಿಸ್ತ್ರಿಗಳ ಬಾಯಿಗೆ ತಂದದ್ದು ಮಾತ್ರ ತಿರುಪು. ಅಂದು ಒಂದೊಂದು ಕಾರ್ಖಾನೆಯ ನಟ್ಟು ಬೋಲ್ಟಿನ ತಿರುಪು ಒಂದೊಂದು ಬಗೆ. ನಮ್ಮಲ್ಲಿ ಹಿಂದೆ ಒಂದು ಊರಿನ ಸೇರು ಇನ್ನೊಂದು ಊರಿಗೆ ನಡೆಯುತ್ತಿರಲಿಲ್ಲವಲ್ಲ, ಹಾಗೆ. ನಟ್ಟು ಕಳೆದರೆ ಯಂತ್ರ ಮಾಡಿದವರಿಗೇ ಬರೆಯಬೇಕು. ವಿಟ್ವರ್ಥನು ಇಂಗ್ಲೆಂಡಿನ ಅನೇಕ ಕಾರ್ಖಾನೆಗಳಿಂದ ಬೋಲ್ಟುಗಳನ್ನು ತರಿಸಿ, ಎಲ್ಲವನ್ನೂ ಅಳೆದು, ಸರಾಸರಿ ತೆಗೆದನು. ತಿರುಪಿನ ಕೋನ 55 ಡಿಗ್ರಿ. ಕಾಲು ಅಂಗುಲದ ಬೋಲ್ಟಿಗೆ ಅಂಗುಲಕ್ಕೆ 20 ಸುತ್ತು, ಅರ್ಧ ಅಂಗುಲಕ್ಕೆ 12, ಒಂದು ಅಂಗುಲಕ್ಕೆ 8. ಇದನ್ನು 1841ರಲ್ಲಿ ಲಂಡನ್ನಿನ ಸಿವಿಲ್ ಎಂಜಿನಿಯರರ ಸಂಸ್ಥೆಯ ಮುಂದಿಟ್ಟನು. ತನ್ನದೇ ತಿರುಪನ್ನು ಎಲ್ಲರೂ ಒಪ್ಪಿಕೊಳ್ಳಲಿ ಎಂದು ಹಟ ಹಿಡಿಯದೆ, ಎಲ್ಲರದರ ನಡುವಿನದನ್ನು ಆರಿಸಿದ್ದರಿಂದಲೇ ಅದು ನಿಂತಿತೆಂದು ನಮಗೆ ತೋರುತ್ತದೆ. ರೈಲ್ವೆಗಳು ಮೊದಲು ಒಪ್ಪಿದವು, ಉಳಿದವರು ಹಿಂಬಾಲಿಸಿದರು. ಆಂಗ್ಲರ ಯಂತ್ರಗಳ ಜೊತೆ ಆ ತಿರುಪು ಹಿಂದೂಸ್ಥಾನಕ್ಕೂ ಬಂದಿತು. ಇಂಗ್ಲೆಂಡಿನಿಂದ ಬಂದ ಹಳೆಯ ಆಯಿಲ್ ಎಂಜಿನ್ನು, ಟ್ರ್ಯಾಕ್ಟರುಗಳನ್ನು ಬಿಚ್ಚುವ ಮಿಸ್ತ್ರಿಯ ಪೆಟ್ಟಿಗೆಯಲ್ಲಿ ವಿಟ್ವರ್ಥ್ ಪಾನಾಗಳು ಬೇರೆಯೇ ಇರುತ್ತವೆ. ಅವುಗಳ ಮೇಲಿನ ಅಂಕಿ ಪಾನಾದ ಬಾಯಿಯ ಅಳತೆಯಲ್ಲ, ಬೋಲ್ಟಿನ ದಪ್ಪ. ತಿಳಿಯದವರು ಅಂಕಿ ನೋಡಿ ಕೈಹಾಕಿ ತಬ್ಬಿಬ್ಬಾಗುವುದುಂಟು.

ಅಳತೆಯ ವಿಷಯದಲ್ಲಿ ಆತನ ಹಟ ಇನ್ನೂ ಮುಂದಕ್ಕೆ ಹೋಯಿತು. ಗೆರೆ ನೋಡಿ ಅಳೆಯುವ ಕಣ್ಣಿಗಿಂತ, ತಾಗಿತೋ ಇಲ್ಲವೋ ಎಂದು ತಿಳಿಯುವ ಸ್ಪರ್ಶ ಸೂಕ್ಷ್ಮವಾದದ್ದೆಂದು ಆತ ತಿಳಿದಿದ್ದನು. ಅಂಗುಲದ ಹತ್ತು ಲಕ್ಷದ ಒಂದು ಭಾಗವನ್ನು ತೋರಿಸುವ ಯಂತ್ರವನ್ನು ಕಟ್ಟಿದನು. ಲೆಕ್ಕವನ್ನು ನೀವೇ ಮಾಡಬಹುದು. ಅಂಗುಲಕ್ಕೆ 20 ಸುತ್ತಿನ ತಿರುಪು. ಅದಕ್ಕೆ 200 ಹಲ್ಲಿನ ಚಕ್ರ. ಆ ಚಕ್ರದ ಒಂದೊಂದು ಹಲ್ಲು ಸರಿಯಲು ಕೈಚಕ್ರ ಪೂರ್ತಿ ಒಂದು ಸುತ್ತು ತಿರುಗಬೇಕು. ಕೈಚಕ್ರದ ಅಂಚಿನಲ್ಲಿ 250 ಗೆರೆ. ಇಪ್ಪತ್ತು, ಇನ್ನೂರು, ಇನ್ನೂರೈವತ್ತನ್ನು ಗುಣಿಸಿದರೆ ಹತ್ತು ಲಕ್ಷ! ಅಳೆಯಬೇಕಾದ ವಸ್ತುವಿನ ಪಕ್ಕದಲ್ಲಿ ಉಕ್ಕಿನ ಸಣ್ಣ ಬಿಲ್ಲೆಯೊಂದನ್ನು ಸಿಕ್ಕಿಸಲಾಗುತ್ತಿತ್ತು. ಹಿಡಿತ ಸರಿಯಿದ್ದಾಗ ಬಿಲ್ಲೆ ನಿಲ್ಲುತ್ತದೆ. ಕೈಚಕ್ರವನ್ನು ಒಂದೇ ಗೆರೆಯಷ್ಟು ಸಡಿಲಿಸಿದರೆ ತನ್ನ ಭಾರಕ್ಕೆ ತಾನೇ ಜಾರುತ್ತದೆ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಆತನ ಯಂತ್ರೋಪಕರಣಗಳಿಗೆ ಸರಿಸಾಟಿಯಾದವು ಇರಲಿಲ್ಲ.

ಮುಂದೆ ಕ್ರಿಮಿಯಾ ಯುದ್ಧ ಬಂದಿತು. ಸರಕಾರವು ಬಂದೂಕು ತಯಾರಿಸುವ ಯಂತ್ರಗಳನ್ನು ಕೇಳಿತು. ಬಂದೂಕಿನ ನಳಿಗೆ ಹೇಗಿದ್ದರೆ ಗುಂಡು ನೇರ ಹೋಗುತ್ತದೆಂಬುದೇ ಗೊತ್ತಿಲ್ಲದೆ ಯಂತ್ರ ಮಾಡುವುದೆಂತು ಎಂದು ಆತ ಮೊದಲು ಪ್ರಯೋಗಕ್ಕೆ ಇಳಿದನು. ತನ್ನ ಮನೆಯ ಆವರಣದಲ್ಲಿ 500 ಗಜ ಉದ್ದದ ಶಾಲೆ ಕಟ್ಟಿಸಿ, ಕೊನೆಗೆ ಆರು ಮೂಲೆಯ ನಳಿಗೆಯ ಬಂದೂಕನ್ನು ಹೊರತಂದನು. 1857ರ ಪರೀಕ್ಷೆಯಲ್ಲಿ ಅದು ಸೈನ್ಯದ ಎನ್‌ಫೀಲ್ಡ್ ಬಂದೂಕನ್ನು ಬಹಳ ಹಿಂದೆ ಹಾಕಿತು. 1860ರಲ್ಲಿ ವಿಕ್ಟೋರಿಯಾ ರಾಣಿಯು ವಿಂಬಲ್ಡನ್ನಿನಲ್ಲಿ ಆಸರೆಗೆ ಬಿಗಿದಿದ್ದ ಅದೇ ಬಂದೂಕಿನ ಹುರಿ ಎಳೆದಾಗ, 400 ಗಜ ದೂರದ ಗುರಿಯ ನಡುವಿನಿಂದ ಎರಡು ಅಂಗುಲದೊಳಗೆ ಗುಂಡು ಹೊಕ್ಕಿತು. ಆದರೂ ಬೆಲೆ ಹೆಚ್ಚು, ನಳಿಗೆ ಬೇಗ ಮಸಿಗಟ್ಟುತ್ತದೆ ಎಂದು ಸೈನ್ಯವು ಅದನ್ನು ತೆಗೆದುಕೊಳ್ಳಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಗುರಿಕಾರರ ಕೈಗೆ ಅವು ಸೇರಿ, ದೂರದಿಂದಲೇ ಎಷ್ಟೋ ಪ್ರಾಣ ತೆಗೆದವು. ಸಮತಲಕ್ಕಾಗಿ ಪಟ್ಟ ಶ್ರಮವೇ ಇಲ್ಲಿಯೂ ಇದೆ. ಆದರೂ ಈ ಅಧ್ಯಾಯವನ್ನು ಹೊಗಳಲು ನಮಗೆ ಮನಸ್ಸು ಬಾರದು.

ಮನುಷ್ಯನಾಗಿ ಆತನು ಮೃದುವಾದವನಾಗಿರಲಿಲ್ಲ. ತನ್ನ ಮಾತೇ ನಡೆಯಬೇಕೆನ್ನುವ ಸ್ವಭಾವ; ಅಧಿಕಾರಿಗಳೊಡನೆ ಜಗಳಗಳಾದವು. ಬಡತನದ ದಿನಗಳಲ್ಲಿ ಜೊತೆಗಿದ್ದ ಫ್ಯಾನಿ ಸಿರಿವಂತಿಕೆಯ ದಿನಗಳಲ್ಲಿ ಬೇರೆಯಾಗಿಯೇ ಬಾಳಿ 1870ರಲ್ಲಿ ತೀರಿಕೊಂಡಳು. ಕಬ್ಬಿಣದ ಎರಡು ಫಲಕಗಳನ್ನು ಕೂಡಿಸಬಲ್ಲವನಿಗೆ ಮನೆಯಲ್ಲಿ ಅದು ಸಾಧಿಸಲಿಲ್ಲ. ಮರುವರ್ಷ ಮೇರಿ ಲೂಯಿಸಾ ಎಂಬ ವಿಧವೆಯನ್ನು ಮದುವೆಯಾಗಿ ಡಾರ್ಬಿಶೈರಿನ ಡಾರ್ಲಿ ಡೇಲ್ ಬಳಿಯ ದೊಡ್ಡ ಮನೆಯಲ್ಲಿ ನೆಲೆಸಿದನು. ಮಕ್ಕಳಿರಲಿಲ್ಲ.

ನಿಮಗೆ ಮುಖ್ಯವಾಗಿ ಹೇಳಬೇಕಾದುದು 1868ರ ಸಂಗತಿ. ಅದಕ್ಕೂ ಮೊದಲು 1853ರಲ್ಲಿ ಆತ ಅಮೆರಿಕಕ್ಕೆ ಹೋಗಿದ್ದಾಗ ಅಲ್ಲಿಯ ಯಂತ್ರಗಳನ್ನು ಮಾತ್ರವಲ್ಲ, ಓದುಬರಹ ಬಲ್ಲ ಸಾಮಾನ್ಯ ಕೆಲಸಗಾರರನ್ನೂ ಕಂಡು ಬಂದಿದ್ದನು. ತಾನು ಹದಿನಾಲ್ಕಕ್ಕೇ ಶಾಲೆ ಬಿಟ್ಟವನು. ಈಗ ವರ್ಷಕ್ಕೆ 3000 ಪೌಂಡು ಬರುವಂತೆ ದಾನವಿತ್ತು, ತಲಾ 100 ಪೌಂಡಿನ 30 ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಿದನು. ಪರೀಕ್ಷೆ ಎರಡು ಬಗೆಯದು. ಗಣಿತ, ಯಂತ್ರಶಾಸ್ತ್ರಗಳನ್ನು ಕಾಗದದ ಮೇಲೆ ಬರೆಯಬೇಕು. ಅರ ಹಿಡಿದು, ಲೇಥು ನಡೆಸಿ, ಕಮ್ಮಾರಿಕೆ ಮಾಡಿ ಕೈಚಳಕವನ್ನೂ ತೋರಿಸಬೇಕು. ಪುಸ್ತಕ ಮಾತ್ರ ಬಲ್ಲವನಿಗೂ ಸಲ್ಲದು, ಸುತ್ತಿಗೆ ಮಾತ್ರ ಬಲ್ಲವನಿಗೂ ಸಲ್ಲದು. ಹತ್ತನೆಯ ಇಯತ್ತೆ ಮುಗಿಸಿ ಐ.ಟಿ.ಐ.ಗೆ ಹೋಗುವ ಹುಡುಗ ಕಾಲೇಜಿಗೆ ಹೋಗುವವನೆದುರು ತಲೆ ತಗ್ಗಿಸುವುದನ್ನು ನಾವು ವರ್ಷ ವರ್ಷವೂ ನೋಡುತ್ತೇವೆ. ಆ ತಲೆ ತಗ್ಗಬೇಕಾಗಿಲ್ಲವೆಂದು ನೂರೈವತ್ತು ವರ್ಷಗಳ ಹಿಂದೆಯೇ ಹಣ ಎಣಿಸಿ ಹೇಳಿದವನು ಈತ. ಆ ವಿದ್ಯಾರ್ಥಿವೇತನಗಳು ಇಂದಿಗೂ ನಡೆದಿವೆ.

1869ರಲ್ಲಿ ಬ್ಯಾರೊನೆಟ್ ಪದವಿ ಬಂದಿತು. 1874ರಲ್ಲಿ ಕಾರ್ಖಾನೆಯನ್ನು ಕಂಪನಿಯಾಗಿ ಮಾರ್ಪಡಿಸಿದಾಗ ತನ್ನ ಮೇಸ್ತ್ರಿಗಳಿಗೂ ಕೆಲಸಗಾರರಿಗೂ ಅದರಲ್ಲಿ ಪಾಲು ಕೊಳ್ಳಲು ಅವಕಾಶವಿತ್ತನು. ಕರಗಿದ ಉಕ್ಕನ್ನು ಭಾರೀ ಒತ್ತಡದಲ್ಲಿ ಹಿಂಡಿ, ಒಳಗಿನ ಗಾಳಿಗುಳ್ಳೆ ತೆಗೆದು ಗಟ್ಟಿಗೊಳಿಸುವ ವಿಧಾನವೂ ಆತನದೇ.

1887ರ ಜನವರಿ 22ರಂದು ಮಾಂಟೆ ಕಾರ್ಲೋದಲ್ಲಿ ಆತನು ತೀರಿಕೊಂಡನು. ದೇಹವನ್ನು ಡಾರ್ಲಿ ಡೇಲಿಗೆ ತಂದು ಸಮಾಧಿ ಮಾಡಿದರು. ಅಪಾರ ಆಸ್ತಿಯನ್ನು ಆತನ ಇಚ್ಛೆಯಂತೆ ಹೆಂಡತಿ ಮತ್ತು ಇಬ್ಬರು ಸ್ನೇಹಿತರು ಸಾರ್ವಜನಿಕ ಕೆಲಸಗಳಿಗೆ ಹಂಚಿದರು. ಮ್ಯಾಂಚೆಸ್ಟರಿನಲ್ಲಿ ಆತನ ಹೆಸರಿನ ಕಲಾಮಂದಿರ, ವಿಶ್ವವಿದ್ಯಾಲಯದ ಸಭಾಭವನಗಳು ಎದ್ದವು. ಅಲ್ಲಿಯ ಕ್ರಿಸ್ಟಿ ಆಸ್ಪತ್ರೆಯ ಮೂಲಧನವೂ ಇದರಿಂದಲೇ ಬಂದಿತು. 1897ರಲ್ಲಿ ಆತನ ಕಂಪನಿ ಆರ್ಮ್‌ಸ್ಟ್ರಾಂಗ್ ಕಂಪನಿಯೊಂದಿಗೆ ಸೇರಿಹೋಯಿತು.

ಆತನ ತಿರುಪಿಗೂ ಕಾಲ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಆಂಗ್ಲರ ಬೋಲ್ಟು ಅಮೆರಿಕನ್ನರ ನಟ್ಟಿಗೆ ಕೂಡದೆ ಪಟ್ಟ ಪಾಡಿನಿಂದ, 1948ರಲ್ಲಿ ಆ ಎರಡು ದೇಶಗಳೂ ಕೆನಡಾವೂ 60 ಡಿಗ್ರಿಯ ಒಂದೇ ತಿರುಪಿಗೆ ಒಪ್ಪಿದವು. ಆಮೇಲೆ ಮೆಟ್ರಿಕ್ ತಿರುಪು ಬಂದಿತು. ಇಂದು ಹೊಸ ಟ್ರ್ಯಾಕ್ಟರಿನ ಸಿಲಿಂಡರ್ ಹೆಡ್ಡನ್ನು ಬಿಗಿಯುವ ಬೋಲ್ಟಿಗೆ ವಿಟ್ವರ್ಥ್ ಪಾನಾ ತಗಲುವುದಿಲ್ಲ. ನೀರಿನ ಕೊಳವೆಗಳಲ್ಲಿ ಮಾತ್ರ ಹಳೆಯ ಕೋನವೇ ನಡೆದಿದೆ. ನಮ್ಮ ಶಾಲೆಯ ಟಾಕಿಗೆ ಹಚ್ಚಿರುವ ಅರ್ಧ ಅಂಗುಲದ ನಲ್ಲಿಯನ್ನು ಬಿಚ್ಚಿ ನೋಡಿದರೆ, ಅಂಗುಲಕ್ಕೆ 14 ಸುತ್ತು, 55 ಡಿಗ್ರಿ.